ಗೇಟಿನ ದೀಪವೂ ಮಚ್ಚಾನಿನ ಕಣ್ಣೂ

ಕರಿಹಲಗೆಯ ಮೇಲೆ ಕರೆಂಟು ನನ್ನ ಮಾತನ್ನು ಒಂದು ದಿನವೂ ಮೀರಿದ್ದಿಲ್ಲ. ತಮಿಳುನಾಡಿನ ತೇವಾರದ ಹೈಸ್ಕೂಲಿನಲ್ಲಿ ಸೈನ್ಸ್ ವಾದ್ಯಾರಾಗಿ, ಅದು ಹೀಗೆ ಹೋಗಿ ಹೀಗೆ ಬರುತ್ತದೆ ಎಂದು ಎಷ್ಟು ಮಕ್ಕಳಿಗೆ ಬಾಣದ ಗುರುತು ಹಾಕಿ ತೋರಿಸಿಲ್ಲ! ಆ ಹಮ್ಮಿನಲ್ಲೇ, ಮನೆ ಕಟ್ಟುವಾಗ ಹೆಂಡತಿಯ ಅಣ್ಣ ಗೂಡಲೂರಿನಿಂದ ಕಳಿಸಿದ ವೈರಿಂಗಿನವನನ್ನು ಹಿಂದಕ್ಕೆ ಅಟ್ಟಿ, ನಾನೇ ವೈರ್ ಎಳೆದೆ. ನನಗೆ ಅವರು ಮಚ್ಚಾನ್, ಅಂದರೆ ಭಾವ; ಅವರಿಗೆ ನಾನು ಮಾಪ್ಳೆ. ಮಚ್ಚಾನ್ ಮುನಿಸಿಕೊಂಡರು. ಗೃಹಪ್ರವೇಶಕ್ಕೂ ಬರಲಿಲ್ಲ.

ಬರದಿದ್ದರೆ ಬಿಡಲಿ ಎನ್ನೋಣವೆಂದರೆ, ಮಗಳು ಸೆಲ್ವಿಗೆ ಕಿವಿ ಚುಚ್ಚಿಸಬೇಕು. ನಮ್ಮವರಲ್ಲಿ ಮಗುವನ್ನು ಸೋದರಮಾವನ ಮಡಿಲಲ್ಲಿ ಕೂರಿಸದೆ ಚುಚ್ಚುವ ಹಾಗೇ ಇಲ್ಲ. ಹೆಂಡತಿ ಪಕ್ಕದ ಮನೆಯ ಫೋನಿನಲ್ಲಿ ಅತ್ತು ಕರೆದು ಅಣ್ಣನನ್ನು ಒಪ್ಪಿಸಿದಳು. "ಭಾನುವಾರ ಸಂಜೆ ಬರ್ತೀನಿ, ಮಿಕ್ಕದ್ದು ಆಮೇಲೆ" ಎಂದರಂತೆ.

ಅವರು ಬರುವ ಹೊತ್ತಿಗೆ ಮನೆ ಮುಂದಿನ ನಾಲ್ಕು ದೀಪವೂ ಜಗಜಗ ಎನ್ನಬೇಕೆಂದು ನನಗೆ ಆಸೆ. ಸ್ವಿಚ್ ಒತ್ತಿದೆ. ಟಪ್! ಫ್ಯೂಸ್ ಹೋಯಿತು. ಹೊಸ ತಂತಿ ಕಟ್ಟಿದೆ. ಟಪ್! ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು ಒತ್ತಿದರೂ ಟಪ್! ಅಂದರೆ ತಪ್ಪು ಬಲ್ಬಿನದಲ್ಲ, ವೈರಿನದು. ಗೇಟಿಗೆ ಹೋಗುವ ವೈರನ್ನು ಬಿಡಿಸಿ, ಬಲ್ಬು ಹಾಕಿ ಒತ್ತಿದೆ. ಉಳಿದ ಮೂರೂ ಉರಿದವು. ಗೇಟಿನದೇ ತಕರಾರು, ಆದರೆ ಎಲ್ಲಿ?

"ನೆನ್ನೆ ತನಕ ಚೆನ್ನಾಗೇ ಉರೀತಿತ್ತಲ್ಲ," ಎಂದಳು ಹೆಂಡತಿ. "ನಮ್ಮಣ್ಣ ಕಳಿಸಿದ ಆಳು ಮಾಡಿದ್ದಿದ್ರೆ..."

"ಸುಮ್ನಿರು ತಾಯಿ!" ಎಂದೆ. ಅಷ್ಟರಲ್ಲಿ ಕತ್ತಲಲ್ಲಿದ್ದ ಗೇಟು ಕಿರ್ರೆಂದಿತು. ಮಚ್ಚಾನ್!

ಅವರು ಬಂದವರೇ ವೇಷ್ಟಿ ಎತ್ತಿ ಕಟ್ಟಿ, ನನ್ನ ಕೈಯಿಂದ ಟಾರ್ಚ್ ಕಸಿದುಕೊಂಡು, ಗೇಟಿನ ಕಮಾನಿನ ಉದ್ದಕ್ಕೂ ಬೆಳಕು ಬಿಟ್ಟರು. ಅಲ್ಲಿ ಒಂದು ಬೂದುಗುಂಬಳಕಾಯಿ ತೂಗುತ್ತಿತ್ತು. ಅದರ ಮೊಳೆ ಗಾರೆಯೊಳಗಿನ ವೈರಿಗೇ ಸರಿಯಾಗಿ ಇಳಿದಿತ್ತು.

"ಮಾಪ್ಳೆ, ಈ ಮೊಳೆ ಯಾರು ಹೊಡೆದದ್ದು?"

"ನಾನೇ, ಮಚ್ಚಾನ್. ಇವತ್ತು ಬೆಳಿಗ್ಗೆ. ದೃಷ್ಟಿಗೆ ಅಂತ..."

"ಯಾರ ದೃಷ್ಟಿಗೆ?"

ನಾನು ಬಾಯಿ ತೆರೆಯುವ ಮುಂಚೆಯೇ ಸೆಲ್ವಿ ಚಪ್ಪಾಳೆ ತಟ್ಟಿ, "ಮಾವ ಬರ್ತಾರೆ, ಅವರ ಕಣ್ಣು ಬೀಳಬಾರದು ಅಂತ ಅಪ್ಪ ಕಟ್ಟಿದ್ರು!" ಎಂದಳು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ! ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಇನ್ನು ಮಗಳಿಗೆ ಕಿವಿಯೋಲೆ ಇಲ್ಲವೆಂದೇ ತಿಳಿದೆ.

ಮಚ್ಚಾನ್ ಮೇನ್ ಆರಿಸಿ, ಮೊಳೆ ಕಿತ್ತು, ಗಾರೆ ಕೆರೆದು, ವೈರ್ ಸೇರಿಸಿ ಟೇಪ್ ಸುತ್ತಿದರು. ನಾನು ಬಿಡಿಸಿದ್ದ ತುದಿಯನ್ನೂ ಕೂಡಿಸಿ ಮೇನ್ ಹಾಕಿದಾಗ ಗೇಟಿನ ದೀಪ ಹೊತ್ತಿತು. ಆ ಬೆಳಕಿನಲ್ಲಿ ನೋಡಿದರೆ, ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

"ನನ್ನ ಕಣ್ಣು ಹಾಗಿರಲಿ ಮಾಪ್ಳೆ, ನಿನ್ನ ಕೈಗೆ ಏನು ಕಟ್ಟೋದು?" ಎಂದು ಸೆಲ್ವಿಯನ್ನು ಎತ್ತಿಕೊಂಡರು. "ಸಂಕ್ರಾಂತಿ ಕಳೆದು ತೈ ತಿಂಗಳಲ್ಲೇ ಕಿವಿ ಚುಚ್ಚಿಸೋಣ. ಆದರೆ ಒಂದು ಮಾತು. ಆ ದಿನ ಇವಳಪ್ಪ ಸೂಜಿಯ ಹತ್ತಿರ ಸುಳಿಯಬಾರದು."

ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಳು. ಮಗಳ ಕಿವಿ ಚುಚ್ಚುವಾಗ ಮನೆ ತುಂಬ ನೆಂಟರು, ನಾನು ಮಾತ್ರ ಹಿತ್ತಲಲ್ಲಿ ಬಾಳೆಲೆ ಒರೆಸುತ್ತಿದ್ದೆ.