ಸಾಲಿನ ಮೊದಲ ಬಿಂದಿಗೆ

ಕೆಂಪಣ್ಣನ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಿಂದಿಗೆ ಜನ್ಮದಲ್ಲಿ ಮೊದಲ ಸಲ ಸಾಲಿನ ತಲೆಯಲ್ಲಿ ಕೂತಿತ್ತು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಕೋರಮಂಡಲ್‌ನ ಹಳೇ ಗಣಿ ಕಾರ್ಮಿಕರ ಸಾಲುಮನೆಗಳ ಆ ಲೈನಿಗೆ ಎಂಟು ದಿನಕ್ಕೊಂದು ನೀರಿನ ಟ್ಯಾಂಕರ್. ಹತ್ತು ಮನೆ ತುಂಬಿಸುವಷ್ಟರಲ್ಲಿ ಅದರ ನಲ್ಲಿ ಕೆಮ್ಮತೊಡಗುತ್ತದೆ. ಲೈನಿನಲ್ಲಿರುವುದು ಇಪ್ಪತ್ತೆರಡು ಮನೆ. ಬಿಂದಿಗೆ ಎಲ್ಲಿ ನಿಂತಿದೆಯೋ ಮನೆಯವರ ಸರದಿಯೂ ಅಲ್ಲೇ. ಇದು ಲೈನಿನ ಕಾನೂನು. ಎರಡು ಸಲ ಖಾಲಿ ಬಿಂದಿಗೆ ಹೊತ್ತು ಬಂದ ಗಂಡನಿಗೆ ತಾಯಮ್ಮ ಶನಿವಾರವೇ ಹೇಳಿದ್ದಳು: “ಮನೇಲಿರೋದು ಒಂದು ಚೆಂಬು ನೀರು. ನಾಳೆ ನೀರಿಲ್ದೆ ಬಂದ್ರೆ ಒಸ್ಲು ತುಳೀಬೇಡ.” ಕಾರ್ಖಾನೆಗೆ ರಜೆಯಿದ್ದ ಆ ಭಾನುವಾರ ಕೆಂಪಣ್ಣ ಕೋಳಿ ಕೂಗುವ ಮುಂಚೆಯೇ ಬಿಂದಿಗೆ ಇಟ್ಟು, ಅದರ ಪಕ್ಕದಲ್ಲಿ ಕಾವಲು ಕೂತ.

ಒಂಬತ್ತಕ್ಕೆ ಕಾರುಗಳು ಬಂದವು. ಯಾವನೋ ಪುಣ್ಯಾತ್ಮ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ನಿಂತು ವಿಡಿಯೊ ಹಾಕಿದಂದಿನಿಂದ ಊರಿಗೆ ಭಾನುವಾರವೆಂದರೆ ಸಂತೆ. ಲಾಭವಿಲ್ಲವೆಂದಲ್ಲ. ಎದುರುಮನೆ ಅಮ್ಮಾಜಮ್ಮನ ಬಜ್ಜಿ ಬಾಣಲೆಯಿಂದ ಇಳಿಯುವ ಮುಂಚೆಯೇ ಖಾಲಿಯಾಗುತ್ತಿತ್ತು. ಗಣಿಯಿಂದ ಚಿನ್ನ ಹೊರಟುಹೋಯಿತು, ಧೂಳು ಮಾತ್ರ ಇಲ್ಲೇ ಉಳಿಯಿತು. ಆ ಧೂಳನ್ನು ಅನ್ನದ ಜೊತೆ ನುಂಗಿ ಕೆಮ್ಮಿದವರಿಗೆ, ದಿಬ್ಬ ಇಷ್ಟು ಚಂದವೆಂದು ಹೇಳಲು ಹೊರಗಿನವರೇ ಬರಬೇಕಾಯಿತು.

ಹನ್ನೊಂದು ದಾಟಿದ ಮೇಲೆ ಕೆಂಪಣ್ಣ ಒಂದೇ ಒಂದು ಟೀ ಕುಡಿಯಲು ಎದ್ದ. ತಿರುಗಿ ಬರುವಷ್ಟರಲ್ಲಿ ಕಪ್ಪು ಕನ್ನಡಕದ ಹುಡುಗಿಯೊಬ್ಬಳು ಬಿಂದಿಗೆಗಳನ್ನು ಬಣ್ಣ ನೋಡಿ ಜೋಡಿಸಿ, ಹಿಂದೆ ದಿಬ್ಬ ಕಾಣುವಂತೆ ಫೋಟೊ ತೆಗೆಯುತ್ತಿದ್ದಳು. ಹಸಿರು ಮುಂದೆ, ನೀಲಿ ನಡುವೆ, ಕಿತ್ತಳೆ ಕಟ್ಟಕಡೆಗೆ.

“ಅಯ್ಯೋ ತಾಯಿ, ಅದು ನೀರಿನ ಸಾಲು ಕಣಮ್ಮ.”

“ಎಷ್ಟು ಕಲರ್‌ಫುಲ್ ಆಗಿದೆ ಅಲ್ವಾ ಅಂಕಲ್?”

ಮುಂದಿದ್ದ ಹಸಿರು ಬಿಂದಿಗೆ ಅಮ್ಮಾಜಮ್ಮನದು. “ಬಿಂದಿಗೆ ಎಲ್ಲೈತೋ ಸರದಿ ಅಲ್ಲೇ. ಕಾನೂನು ನಾನ್ ಮಾಡಿದ್ದಾ?” ಎಂದು ಅವಳು ಬಜ್ಜಿ ಮಗುಚಿ ಹಾಕಿದಳು.

ಅಷ್ಟರಲ್ಲಿ ಹುಡುಗಿಯ ಕಣ್ಣು ಕೆಂಪಣ್ಣನ ಮಾಸಿದ ಖಾಕಿ ಪ್ಯಾಂಟಿನ ಮೇಲೆ ಬಿತ್ತು. “ನೀವು ಗಣಿ ಕೆಲಸದವರಾ ಅಂಕಲ್?”

“ಇಲ್ಲಮ್ಮ, ನಾನು ಬೂದಿಕೋಟೆ ಕಡೆಯೋನು. ಕಾರ್ಖಾನೇಲಿ ಬೋಲ್ಟು ಬಿಗೀತೀನಿ. ಗಣಿ ಒಳಗೆ ಇಣುಕೂ ನೋಡಿಲ್ಲ.”

ಪಕ್ಕದ ಮನೆಯ ಕುಪ್ಪುಸ್ವಾಮಿ ಇಪ್ಪತ್ತೆಂಟು ವರ್ಷ ಭೂಮಿಯೊಳಗೆ ದುಡಿದವನು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದೆ ಬಂದ. “ಮೈನಲ್ಲಿ ಇದ್ದಿದ್ದು ನಾನು ಮಾ.”

“ಅಂಕಲ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಫ್ರೇಮಲ್ಲಿ ಬರ್ತಿದೀರ,” ಎಂದು ಹುಡುಗಿ ಅವನನ್ನು ಸರಿಸಿ, ಗಣಿಯವನಂತೆ ಕಾಣಲೆಂದು ಕೆಂಪಣ್ಣನ ಕೆನ್ನೆಗೆ ಒಂದಿಷ್ಟು ಮಣ್ಣು ಸವರಿದಳು.

ಅದೇ ಹೊತ್ತಿಗೆ ಟ್ಯಾಂಕರ್ ಓಡಿಸುವ ಸುಬ್ರಮಣಿಯ ಫೋನು. “ಕೆಂಪಣ್ಣೋ, ಮೈಸೂರು ಮೈನ್ಸ್ ತಿರುವಲ್ಲಿ ನಿಂತಿವ್ನಿ. ನಿಮ್ ಲೈನ್ ಬಾಯಿಗೆ ಕಾರು ತುರುಕವ್ರೆ. ಕಾಲು ಗಂಟೆ ನೋಡ್ತೀನಿ, ಆಮೇಲೆ ಬಂಗಾರಪೇಟೆಗೆ ವಾಪಸ್ ಓಗ್ತೀನಿ.”

ಕೆಂಪಣ್ಣ ಒಂದೊಂದೇ ಕಾರಿನ ಗಾಜು ತಟ್ಟಿದ. ಒಳಗಿದ್ದ ಒಬ್ಬ ಮಗ್ಗುಲು ಬದಲಿಸಿದ. ಇನ್ನೊಬ್ಬ ದಾರಿ ಕೇಳಿದ. ಮೂರನೆಯವನು ಗಾಜಿಳಿಸಿ ಹತ್ತು ರೂಪಾಯಿ ಭಿಕ್ಷೆ ಹಾಕಿದ. ಕೆಂಪಣ್ಣನ ತಾಳ್ಮೆ ಹಳೇ ಕುಕ್ಕರಿನ ವಾಷರಿನಂತೆ ಜಾರಿತು.

“ಎಲ್ರೂ ಕಾರ್ ತೆಗೀರಿ,” ಎಂದು ಅರಚಿದ. “ಅನ್ನೆರಡು ಗಂಟೆಗೆ ಕೆಳಗಡೆ ಬ್ಲಾಸ್ಟಿಂಗ್ ಐತೆ. ನೆಲ ಕುಸುದ್ರೆ ನಮ್ಮನ್ನ ಕೇಳ್ಬೇಡಿ.”

“ಗಣಿ ಮುಚ್ಚಿ ಇಪ್ಪತ್ತು ವರ್ಷ ಆಯ್ತಲ್ರೀ?” ಎಂದನೊಬ್ಬ.

ಕೆಂಪಣ್ಣ ಕುಪ್ಪುಸ್ವಾಮಿಯ ಕಡೆ ತಿರುಗಿದ. ಕುಪ್ಪುಸ್ವಾಮಿ ಕಾಲರ್ ಸರಿಮಾಡಿಕೊಂಡ. “ಮುಚ್ಚಿದ್ದು ಮೇಲ್ಗಡೆ ಸಾರ್. ಕೆಳಗಡೆ ಏನಾಗ್ತದೆ ಅಂತ ಯಾರು ನೋಡಿದ್ದು? ನಾನು ಮೈನಲ್ಲಿ ಇದ್ದ ಟೈಮಲ್ಲಿ ಒಂದ್ಸಲ ನೆಲ ಅಲುಗಾಡಿ, ಮನೇಲಿ ಪಾತ್ರೆ ಎಲ್ಲಾ ಡ್ಯಾನ್ಸು. ನಾಲ್ಕು ಜನ ಮೇಲೆ ಬರ್ಲೇ ಇಲ್ಲ.”

ಆ ದನಿಯಲ್ಲಿ ನಾಟಕವಿರಲಿಲ್ಲ. ಹಾಗಾಗಿಯೇ ಎಲ್ಲರೂ ನಂಬಿದರು. ದಿಬ್ಬದ ಮೇಲಿದ್ದವರೂ ಉರುಳಿಕೊಂಡು ಬಂದು ಕಾರು ಹತ್ತಿದರು. ಹತ್ತೇ ನಿಮಿಷದಲ್ಲಿ ಲೈನು ಬೋಳು.

ಅಮ್ಮಾಜಮ್ಮ ತಾನೇ ಕಿತ್ತಳೆ ಬಿಂದಿಗೆಯನ್ನು ತಂದು ಸಾಲಿನ ತಲೆಗಿಟ್ಟಳು. “ಇವತ್ತೊಂದಿನ ಕಾನೂನು ಮುರ್ದಿವ್ನಿ. ನೀನೇ ಮೊದ್ಲು ಕಣಪ್ಪ.” ಹೊಸ್ತಿಲಲ್ಲಿ ನಿಂತ ತಾಯಮ್ಮ, ಮದುವೆಯಾದ ಹೊಸತರಲ್ಲಿ ನೋಡಿದಂತೆ ಗಂಡನನ್ನು ನೋಡಿದಳು.

ಹನ್ನೆರಡಾಯಿತು. ಹನ್ನೆರಡೂವರೆಯೂ ಆಯಿತು. ಟ್ಯಾಂಕರಿನ ಸುಳಿವಿಲ್ಲ. ಕೆಂಪಣ್ಣ ಫೋನು ಮಾಡಿದ.

“ಲೈನ್ ಖಾಲಿ ಕಣ್ಲಾ ಸುಬ್ರಮಣಿ, ಬಾರೋ.”

“ಎಂಗೆ ಬರ್ಲಣ್ಣ? ನಿಮ್ಮಲ್ಲಿಂದ ಓಡ್ಬಂದ ಕಾರೆಲ್ಲಾ ನನ್ ಸುತ್ಲೇ ನಿಂತವೆ. ಬ್ಲಾಸ್ಟಿಂಗ್ ನೋಡ್ಕಂಡೇ ಓಗ್ತಾರಂತೆ. ಮುಂದಕ್ಕೂ ಜಾಗಿಲ್ಲ, ಇಂದಕ್ಕೂ ಜಾಗಿಲ್ಲ. ಬಿಸ್ಲಲ್ಲಿ ಮಕ್ಳು ಮರಿ ನೀರು ನೀರು ಅಂದ್ವು, ನಲ್ಲಿ ಬಿಟ್ಟೆ. ಕುಡುದ್ರು, ಮಕ ತೊಳ್ಕಂಡ್ರು, ಒಬ್ಬ ಕಾರೂ ತೊಳ್ದ. ಟ್ಯಾಂಕರ್ ಖಾಲಿ. ಅದಿರ್ಲಿ, ಬ್ಲಾಸ್ಟಿಂಗ್ ಯಾಕಣ್ಣ ಇನ್ನೂ ಆಗ್ಲಿಲ್ಲ?”

ಕೆಂಪಣ್ಣ ಬಿಂದಿಗೆಯ ಪಕ್ಕದಲ್ಲಿ ಕುಸಿದು ಕೂತ. ಒಂದು ಗಂಟೆಯ ಸುಮಾರಿಗೆ ಕಪ್ಪು ಕನ್ನಡಕದ ಹುಡುಗಿ ನಡೆದುಕೊಂಡು ಬಂದಳು. ಕೈಯಲ್ಲಿ ಅರ್ಧ ಬಾಟಲಿ ನೀರು.

“ಪಾಪ, ಬೆಳಿಗ್ಗೆಯಿಂದ ಬಿಸಿಲಲ್ಲೇ ಇದೀರ ಅಂಕಲ್. ಅಲ್ಲೊಂದು ಟ್ಯಾಂಕರ್ ಸಿಕ್ತು, ನಿಮಗೇ ಅಂತ ತಂದೆ.”

ಕೆಂಪಣ್ಣ ಹೊಸ್ತಿಲ ಕಡೆ ನೋಡಿದ. ತಾಯಮ್ಮ ಕದಲಿರಲಿಲ್ಲ. ಬಾಯಿಗೆ ಹನಿ ಹಾಕಿಕೊಳ್ಳದೆ ಬಾಟಲಿಯನ್ನು ಕಿತ್ತಳೆ ಬಿಂದಿಗೆಗೆ ಬಗ್ಗಿಸಿದ. ತಳವೂ ಪೂರ್ತಿ ಮುಚ್ಚಲಿಲ್ಲ.

ಹಿಂದಿನಿಂದ ಅಮ್ಮಾಜಮ್ಮ ತನ್ನ ಹಸಿರು ಬಿಂದಿಗೆಯನ್ನು ಮುಂದಕ್ಕೆ ತಳ್ಳಿದಳು.

“ನೀರು ತಗಂಡ್ಯಲ್ಲ ಕೆಂಪಣ್ಣ. ನಿನ್ ಸರದಿ ಮುಗೀತು. ಬಿಂದಿಗೆ ಎತ್ಕಂಡು ಕಡೇಗೆ ಓಗು.”