ಈಳಿಗೆಮಣೆಗೆ ಕಳ್ಳರ ಭಯ

ಶಶಿಧರ್ ಮಡಚಿಡುವಂಥ ಈಳಿಗೆಮಣೆಯೊಂದನ್ನು ಕಂಡುಹಿಡಿದಿದ್ದರು. ಕಾಲೇಜು ಲೈಬ್ರರಿಯ ಕೆಲಸ ಮುಗಿಸಿ ಹನುಮಂತನಗರದ ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತು ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಮಾಡಿದ ಡಿಸೈನು. ಹೆಂಡತಿಗೂ ತೋರಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ಆ ಡಿಸೈನಿನ ಸಾಫ್ಟ್‌ವೇರು ಅಪ್‌ಡೇಟ್ ಆಗಿ, ‘ಇನ್ನು ಮುಂದೆ ನಿಮ್ಮ ಫೈಲುಗಳು ಕ್ಲೌಡಿನಲ್ಲಿ ಮಾತ್ರ ಇರುತ್ತವೆ’ ಎಂದು ಸಾರಿತು.

ಕಾಫಿ ವಾಸನೆ ಹಿಡಿದು ಎದುರುಮನೆಯ ರಿಟೈರ್ಡ್ ಎಂಜಿನಿಯರ್ ಗಂಗಾಧರಯ್ಯ ಒಳಬಂದರು.

“ಸಾರ್, ಈ ಕ್ಲೌಡು ನಿಜವಾಗ್ಲೂ ಎಲ್ಲಿರುತ್ತೆ?” ಎಂದು ಶಶಿಧರ್ ಕೇಳಿದರು.

“ಯಾರಿಗ್ರೀ ಗೊತ್ತು? ನಿಮ್ಮನೆ ಒಡವೆ ತಗೊಂಡ್ಹೋಗಿ ಯಾರದೋ ಅಟ್ಟದ ಮೇಲಿಟ್ಟಂಗೆ. ಬೀಗದ ಕೈನೂ ಅವರ ಹತ್ರಾನೇ!”

ಶಶಿಧರ್ ಮುಖ ಹಳಸಿದ ಹುಳಿಯಂತಾಯಿತು.

“ಮೊದ್ಲು ನೆಟ್ ಕಿತ್ತಾಕ್ರೀ. ದಾರಿನೇ ಇಲ್ದಿದ್ರೆ ಫೈಲ್ ಹೆಂಗ್ರೀ ಹೋಗುತ್ತೆ?” ಎಂದರು ಗಂಗಾಧರಯ್ಯ.

ಇಬ್ಬರೂ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು ಒಂದು ವೈರು ಎಳೆದರು. ಅದು ಇಡೀ ಕಟ್ಟಡದ ವೈರು. ಮರುಕ್ಷಣವೇ ಮೇಲಿನ ಮನೆಗಳಿಂದ ಧಡಧಡ ಇಳಿದುಬರುವ ಸದ್ದು.

“ಅಂಕಲ್, ವಿಡಿಯೋ ಕಾಲಲ್ಲಿ ನಮ್ ಮ್ಯಾನೇಜರ್ ಬಾಯಿ ತೆಗೆದವ್ರು ಹಾಗೇ ನಿಂತ್ಬಿಟ್ರು!” ಎಂದಳು, ಮೇಲೆ ಬಾಡಿಗೆಗಿದ್ದು ಭಾನುವಾರವೂ ಆಫೀಸು ಬಿಡದ ಹುಡುಗಿ ಬಿಂದುಶ್ರೀ. ಹಿಂದೆಯೇ, ಆನ್‌ಲೈನ್ ಭಜನೆ ಪಲ್ಲವಿಗೇ ನಿಂತ ಸಿಟ್ಟಿನಲ್ಲಿ ಮೇಲಿನ ಮನೆಯ ಚೂಡಾಮಣಿ.

ಮಾಡಿದ್ದು ಯಾರೆಂದು ತಿಳಿದ ಮೇಲೆ ಎಲ್ಲರೂ ಶಶಿಧರ್ ಮನೆಯೊಳಗೇ ನುಗ್ಗಿದರು. ಚೂಡಾಮಣಿ ಪರದೆ ನೋಡಿ ಕಣ್ಣರಳಿಸಿದರು.

“ಇದೇನ್ರೀ, ಮಿಡತೆನಾ?”

“ಮಿಡತೆ ಅಲ್ರೀ, ಈಳಿಗೆಮಣೆ!” ಎಂದು ಶಶಿಧರ್ ರೇಗಿದರು. ಗುಟ್ಟು ಬಾಯಿಂದ ಜಾರಿದ್ದು ಗೊತ್ತಾದೊಡನೆ ಹೆಗಲ ಮೇಲಿನ ಟವೆಲನ್ನು ಪರದೆಗೆ ಹೊದಿಸಿದರು.

ಬಿಂದುಶ್ರೀ ವೈರು ಸಿಕ್ಕಿಸಿ ಬಂದು, ಟವೆಲ್ ಸರಿಸಿ, ಸ್ವಲ್ಪ ಹೊತ್ತು ಕೀಬೋರ್ಡು ಕುಟ್ಟಿದಳು.

“ಅಂಕಲ್, ಇದು ಮೊದ್ಲಿಂದಾನೂ ಕ್ಲೌಡಲ್ಲೇ ಇದೆ. ಅದೂ ಪಬ್ಲಿಕ್ಕು. ಯಾರ್ ಬೇಕಾದ್ರೂ ನೋಡ್ಬೋದು.”

ಶಶಿಧರ್ ಮತ್ತೆ ಟವೆಲಿಗೆ ಕೈಹಾಕಿದರು. “ಎಷ್ಟು ಜನ ನೋಡ್ಬಿಟ್ರಮ್ಮಾ?”

“ಒಬ್ರೇ. ಆದ್ರೆ ದಿನಾ ಬರ್ತಾರೆ, ಊಟ ಆದ್ಮೇಲೆ. ಈ ಏರಿಯಾದವ್ರೇ.”

ಎಲ್ಲರ ತಲೆಯೂ ಒಟ್ಟಿಗೆ ಗಂಗಾಧರಯ್ಯನವರ ಕಡೆ ತಿರುಗಿತು.

“ನನ್ನ್ಯಾಕ್ರೀ ಹಂಗ್ ನೋಡ್ತೀರಾ? ನಾನು ಊಟ ಆದ್ಮೇಲೆ ಮಲಗ್ತೀನಿ!”

“ಇರಿ, ಇರಿ,” ಎಂದ ಬಿಂದುಶ್ರೀ ಪರದೆಗೆ ಮುಖ ಹತ್ತಿರ ತಂದಳು. “ಶಶಿಧರ್ ಅಂಕಲ್, ಇದು ನಿಮ್ದೇ ಫೋನು.”

“ಹೂಂ, ಮಲಗೋ ಮುಂಚೆ ಒಂದ್ಸಲ ನೋಡ್ಕೋತೀನಿ...” ಎಂದರು ಶಶಿಧರ್.

“ಕಂಪ್ಯೂಟರಲ್ಲಿರೋದು ಫೋನಿಗೆ ಹೇಗ್ ಬಂತು ಅಂದ್ಕೊಂಡಿದ್ರಿ?”

ಫೈಲಿನ ಬಾಗಿಲು ಇಷ್ಟು ಕಾಲ ಹಾರು ಹೊಡೆದಿದ್ದರೂ ಒಬ್ಬ ಕಳ್ಳನೂ ಇಣುಕಿರಲಿಲ್ಲ. ಯಾರಾದರೂ ಕದ್ದಿದ್ದರೂ ಶಶಿಧರ್‌ಗೆ ಇಷ್ಟು ನೋವಾಗುತ್ತಿರಲಿಲ್ಲ.

“ಪ್ರೈವೇಟ್ ಮಾಡ್ಲಾ ಅಂಕಲ್? ಒಂದು ಬಟನ್ ಅಷ್ಟೆ.”

“ಬೇಡಮ್ಮಾ, ಹಾಗೇ ಇರ್ಲಿ,” ಎಂದರು ಶಶಿಧರ್ ತಗ್ಗಿದ ದನಿಯಲ್ಲಿ. “ಫೈಲಿನ ಹೆಸ್ರು ಮಾತ್ರ ಇಂಗ್ಲಿಷಲ್ಲೂ ಹಾಕ್ಬಿಡು. ಹೊರಗಿನವ್ರು ಏನೂಂತ ಗೊತ್ತಾಗ್ದೆ ವಾಪಸ್ ಹೋಗ್ತಿರ್ಬೋದು.”