ತೊಟ್ಟಿಲಿಗೆ ಕರಿ ಎಣ್ಣೆ ಬಳಿಯುವುದರ ನಿಷೇಧ ಕುರಿತು

ಗೃಹಕೃತ್ಯ ಇಲಾಖೆ
(ಮರಮುಟ್ಟು ಮತ್ತು ಮಗು ವಿಭಾಗ)
ಅಡುಗೆಮನೆ ಕಟ್ಟೆ

ಸಂಖ್ಯೆ: ಗೃಕೃಇ/ತೊಟ್ಟಿಲು/ಎಣ್ಣೆ/ಎಷ್ಟು ಸಲ ಹೇಳುವುದು
ದಿನಾಂಕ: ಬಟ್ಟೆ ನೆನೆಹಾಕಿದ ನಂತರ, ಕೂಸು ಏಳುವ ಮೊದಲು

ವಿಷಯ: ಮರಕ್ಕೆ ಹುಳು ಹಿಡಿಯದಂತೆ ಬಳಿಯುವ ವಿಷದ ಎಣ್ಣೆಯನ್ನು (ಇನ್ನು ಮುಂದೆ ‘ಕರಿ ಎಣ್ಣೆ’) ಕೂಸಿನ ತೊಟ್ಟಿಲಿಗೆ ಬಳಿದಿರುವ ಬಗ್ಗೆ.

ಉಲ್ಲೇಖ:
1. ಮನೆಯೊಳಗಿನ ಮರಕ್ಕೆ ಸದರಿ ಎಣ್ಣೆಯ ಬಳಕೆಯನ್ನು ನಿಷೇಧಿಸಿದ ಸರ್ಕಾರಿ ಆದೇಶ.
2. ಹಿತ್ತಲಿನಿಂದ ಬಂದ ವಾಸನೆ.

ಕೂಸಿಗೆ ಹಲ್ಲು ಬರುತ್ತಿದ್ದು, ಅದು ತೊಟ್ಟಿಲಿನ ಮೇಲ್ಪಟ್ಟಿಯನ್ನು ಕಡಿಯುತ್ತಿರುವುದು ಸರ್ವವಿದಿತ. ಈ ಹಲ್ಲಿನ ಗುರುತುಗಳನ್ನು ಕುಟ್ಟೆ ಹುಳುವಿನ ಹಾವಳಿಯೆಂದು ಭಾವಿಸಿದ ತಾತನವರು, ಅಟ್ಟದ ಮೇಲಿದ್ದ ಹಳೆಯ ಡಬ್ಬಿಯನ್ನು ಇಳಿಸಿ, ನಿನ್ನೆ ಹಿತ್ತಲಿನಲ್ಲಿ ಸದರಿ ಪಟ್ಟಿಗೆ ಎರಡು ಸುತ್ತು ಬಳಿದಿರುತ್ತಾರೆ. ಡಬ್ಬಿಯ ಮೇಲೆ ‘ಮಕ್ಕಳಿಗೆ ಎಟುಕದಂತೆ ಇಡಿ’ ಎಂದಿದ್ದು, ಬಳಿದಾದ ಮೇಲೆ ಡಬ್ಬಿಯನ್ನು ಮಾತ್ರ ಅತ್ಯಂತ ನಿಷ್ಠೆಯಿಂದ ಮತ್ತೆ ಅಟ್ಟಕ್ಕೇರಿಸಲಾಗಿದೆ. ತೊಟ್ಟಿಲಿಗಿಂತ ಮೊದಲು ವಾಸನೆ ಒಳಗೆ ಬಂದದ್ದರಿಂದ ಕೂಸು ಪಾರಾಗಿರುತ್ತದೆ. ಆದಕಾರಣ ಮನೆಯ ಸಮಸ್ತರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಗುರುತುಗಳನ್ನು ಪರಿಶೀಲಿಸಲಾಗಿ, ಸದರಿ ಹುಳುವಿಗೆ ಎರಡು ಹಲ್ಲು ಮತ್ತು ಒಂದು ಜುಟ್ಟು ಇರುವುದು ದೃಢಪಟ್ಟಿದೆ. ಈ ಹುಳುವಿಗೆ ಯಾವುದೇ ಮದ್ದು ಹೊಡೆಯತಕ್ಕದ್ದಲ್ಲ.

2. “ನಿಷೇಧ ಬಂದಿದ್ದು ಆಮೇಲೆ ಕಣಮ್ಮಾ, ಡಬ್ಬಿ ಬಂದಿದ್ದು ಮೊದಲು” ಎಂಬ ತಾತನವರ ಮೌಖಿಕ ಮನವಿ ಸ್ವೀಕೃತವಾಗಿದೆ. ವಿಷಕ್ಕೆ ಸೇವಾ ಹಿರಿತನ ಅನ್ವಯಿಸದ ಕಾರಣ ಅದನ್ನು ತಿರಸ್ಕರಿಸಲಾಗಿದೆ.

3. “ನಾನು ಬರೀ ಮುಚ್ಚಳ ತೆಗೆದುಕೊಟ್ಟೆ ಅಷ್ಟೇ” ಎಂಬ ಕೂಸಿನ ತಂದೆಯವರ ಹೇಳಿಕೆಯನ್ನು ತಪ್ಪೊಪ್ಪಿಗೆಯೆಂದು ದಾಖಲಿಸಲಾಗಿದೆ. ಇನ್ನು ಮುಂದೆ ಅವರು ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಲೂ ಪೂರ್ವಾನುಮತಿ ಪಡೆಯತಕ್ಕದ್ದು.

4. ಬಳಿದ ಪಟ್ಟಿಯನ್ನು ಬಡಗಿಯವರು ಕಳಚಿರುತ್ತಾರೆ. ಅದನ್ನು ಉಜ್ಜಿದರೆ ದೂಳು ವಿಷ, ಸುಟ್ಟರೆ ಹೊಗೆ ವಿಷ. “ನೀರೊಲೆಗಾದ್ರೂ ಆಗುತ್ತಲ್ಲ” ಎಂದು ಸಲಹೆ ಕೊಟ್ಟವರು (ನೋಡಿ: ಕಲಂ 3) ಒಂದು ವಾರ ತಣ್ಣೀರಿನಲ್ಲಿ ಸ್ನಾನ ಮಾಡತಕ್ಕದ್ದು.

5. ಪಟ್ಟಿಯನ್ನೂ ಡಬ್ಬಿಯನ್ನೂ ನಗರಸಭೆಯ ಅಪಾಯಕಾರಿ ಕಸದ ಗಾಡಿಗೇ ಒಪ್ಪಿಸತಕ್ಕದ್ದು. ಚರಂಡಿಗೆ ಸುರಿಯುವುದು, ಪಕ್ಕದ ಮನೆಯವರಿಗೆ ಉದಾರವಾಗಿ ಕೊಡುವುದು, ‘ಇರಲಿ, ಯಾವುದಕ್ಕಾದರೂ ಬರುತ್ತೆ’ ಎಂದು ಮಂಚದಡಿ ತಳ್ಳುವುದು ನಿಷಿದ್ಧ.

6. ಹುಳುವಿನ ನೆಪದಲ್ಲಿ ಇನ್ನಾವುದಕ್ಕೂ ಎಣ್ಣೆ ಬಳಿಯದಂತೆ, ಈ ಸುತ್ತೋಲೆಯ ಉದ್ದೇಶಕ್ಕಾಗಿ ಲಟ್ಟಣಿಗೆ, ಮಣೆ, ಬಾಚಣಿಗೆ ಮತ್ತು ತಾತನವರ ಊರುಗೋಲು ಮರದಿಂದ ಮಾಡಿದವುಗಳಲ್ಲ ಎಂದು ಭಾವಿಸತಕ್ಕದ್ದು.

7. ಹಿರಿಯ ಮಗಳನ್ನು ತಾತ್ಕಾಲಿಕ ಮೂಸಾಧಿಕಾರಿಯನ್ನಾಗಿ ನೇಮಿಸಲಾಗಿದೆ. ಹೊರಗಿನಿಂದ ಬರುವ ಕುರ್ಚಿ, ಪೆಟ್ಟಿಗೆ ಹಾಗೂ ನೆಂಟರು ಆಕೆಯ ಮೂಗಿನ ಮುಂದೆ ಹಾಜರಾಗತಕ್ಕದ್ದು. ಆಕೆಗೆ ನೆಗಡಿಯಾದ ದಿನ ಬಾಗಿಲನ್ನು ಮುಚ್ಚಲಾಗುವುದು.

8. ಸದರಿ ತೊಟ್ಟಿಲನ್ನು ತಾತನವರು ತಮ್ಮ ಮಗನಿಗಾಗಿ ಕೈಯಾರೆ ಮಾಡಿದ್ದೆಂಬುದನ್ನೂ, ನಿನ್ನೆಯಿಂದ ಅವರಿಗೆ ಊಟ ಸೇರುತ್ತಿಲ್ಲವೆಂಬುದನ್ನೂ, “ನನ್ನ ಕೈಯಾರೆ ಕೂಸಿಗೆ ಮದ್ದಿಟ್ಟುಬಿಡ್ತಿದ್ನಲ್ಲ” ಎಂದು ಗೋಡೆಗೆ ಮುಖ ಮಾಡಿ ಕೂತಿರುವುದನ್ನೂ ಇಲಾಖೆಯು ಗಮನಿಸಿದೆ. ಸದರಿ ಕೊರಗನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಗಿದೆ.

9. ಹೊಸ ಪಟ್ಟಿಯನ್ನು ತಾತನವರೇ ಕೂರಿಸತಕ್ಕದ್ದು. ಬೇರೆಯವರ ಕೈ ಇಲಾಖೆಗೆ ಒಪ್ಪಿಗೆಯಿಲ್ಲ. ಬಣ್ಣ, ಎಣ್ಣೆ, ಮೆರುಗು ಏನೂ ಬೇಡ. ಕೂಸು ಕಡಿದಷ್ಟು ಕಡಿಯಲಿ. ಹೊಸ ಪಟ್ಟಿ ಕೂರುವವರೆಗೆ ಬದಲಿ ವ್ಯವಸ್ಥೆಯಾಗಿ ತಾತನವರ ಮಡಿಲನ್ನು ಗೊತ್ತುಪಡಿಸಲಾಗಿದೆ. ಅಲ್ಲಿ ಕಡಿಯಲು ಒದಗಿಸುವ ಹೆಬ್ಬೆರಳನ್ನು ಸೋಪು ಹಾಕಿ ತೊಳೆದಿರತಕ್ಕದ್ದು.

ಸಹಿ/-
ಮೇಲ್ವಿಚಾರಕಿ, ಗೃಹಕೃತ್ಯ ಇಲಾಖೆ
(ಕೂಸಿನ ತಾಯಿ ಹಾಗೂ ತಾತನವರ ಸೊಸೆ)

ಪ್ರತಿಗಳು:
1. ತಾತನವರಿಗೆ, ದಪ್ಪ ಅಕ್ಷರದಲ್ಲಿ. ಊಟದ ತಟ್ಟೆಯ ಪಕ್ಕ ಇಡಲಾಗಿದೆ.
2. ಕೂಸಿನ ತಂದೆಯವರಿಗೆ, ಮುಚ್ಚಳ ಸಹಿತ.
3. ಬಡಗಿಯವರಿಗೆ, ನಗದೆ ಓದುವ ಷರತ್ತಿನ ಮೇಲೆ.
4. ಮೂಸಾಧಿಕಾರಿಗೆ, ಮೂಸಿ ದೃಢೀಕರಿಸಲು.
5. ಕೂಸಿಗೆ. ಷರಾ (ಕೂಸು ಎದ್ದ ಮೇಲೆ ಸೇರಿಸಿದ್ದು): ಸದರಿ ಪ್ರತಿಯನ್ನು ಅದು ತಾತನವರ ಮಡಿಲಲ್ಲಿ ಕೂತು ತಿನ್ನಲು ಹವಣಿಸಿದ್ದು, ತಾತನವರು ನಕ್ಕು ಬಾಯಿಯಿಂದ ತೆಗೆದಿರುತ್ತಾರೆ. ಇದನ್ನೇ ಇಬ್ಬರ ಸ್ವೀಕೃತಿಯೆಂದು ಪರಿಗಣಿಸಿ ಕಡತವನ್ನು ಮುಚ್ಚಲಾಗಿದೆ.